ಗಾಂಜಾ ಚಿತ್ರಗಳು ಮತ್ತು ಮಾರ್ಫಿನ್ ಮಾತ್ರೆ

ಡಾ. ಸಂಜಯ್ ಗುಪ್ತಾ 2013ರಲ್ಲಿ ಸಿಎನ್‌ಎನ್‌ಗಾಗಿ ಮಾಡಿದ ‘ವೀಡ್’ ಸಾಕ್ಷ್ಯಚಿತ್ರದಲ್ಲಿ ಷಾರ್ಲೆಟ್ ಫಿಗಿ ಎಂಬ ಪುಟ್ಟ ಹುಡುಗಿ ಬರುತ್ತಾಳೆ. ಡ್ರಾವೆ ಸಿಂಡ್ರೋಮ್ ಎಂಬ ಕಾಯಿಲೆ, ವಾರಕ್ಕೆ ಮುನ್ನೂರು ಸಲ ಫಿಟ್ಸ್. ಗಾಂಜಾ ಗಿಡದಿಂದ ತೆಗೆದ, ಅಮಲೇರಿಸದ ಎಣ್ಣೆ ಕೊಟ್ಟ ಮೇಲೆ ಅದು ತಿಂಗಳಿಗೆ ಎರಡು ಮೂರಕ್ಕೆ ಇಳಿಯಿತು. ಇಂಥ ಚಿತ್ರಗಳನ್ನು ಇಟ್ಟಮಡುವಿನ ನನ್ನ ಬಾಡಿಗೆ ರೂಮಿನಲ್ಲಿ ಕೂತು ಒಂದೊಂದಾಗಿ ನೋಡಿದ್ದೇನೆ. ನಾನು ನೋಡಿದವುಗಳ ನಡೆ ಬಹುಮಟ್ಟಿಗೆ ಒಂದೇ: ಕಾನೂನು ಅಡ್ಡ ನಿಲ್ಲುತ್ತದೆ, ಹೆತ್ತವರು ಹೋರಾಡುತ್ತಾರೆ, ಕಾನೂನು ಸಡಿಲವಾಗುತ್ತದೆ, ಔಷಧ ಸಿಗುತ್ತದೆ. ಕೊನೆಯ ಎರಡು ಹೆಜ್ಜೆಗಳ ನಡುವಿನ ದೂರ ಎಷ್ಟು ಎಂಬುದೇ ನನ್ನ ಪ್ರಶ್ನೆ.

ಈ ಮದ್ದಿನ ಆಧುನಿಕ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಲಿದೆ. ಕಲ್ಕತ್ತೆಯಲ್ಲಿದ್ದ ಐರಿಶ್ ವೈದ್ಯ ವಿಲಿಯಂ ಓಶಾನೆಸ್ಸಿ, ಇಲ್ಲಿನವರ ಬಳಕೆಯನ್ನು ಕೇಳಿ ತಿಳಿದು, 1839ರಲ್ಲಿ ಗಾಂಜಾದ ಪ್ರಯೋಗಗಳನ್ನು ಪ್ರಕಟಿಸಿದ. ಅವನ ರೋಗಿಗಳಲ್ಲಿ ನಲವತ್ತು ದಿನದ ಒಂದು ಕೂಸೂ ಇತ್ತು. ಅದಕ್ಕೂ ಫಿಟ್ಸೇ. ಅಲ್ಲಿಂದ ಲಂಡನ್ನಿಗೆ ಹೋದ ಗಿಡ 2018ರಲ್ಲಿ ಎಪಿಡಿಯೊಲೆಕ್ಸ್ ಎಂಬ ಹೆಸರಿನಲ್ಲಿ ಅಮೆರಿಕದ ಒಪ್ಪಿಗೆ ಪಡೆದಾಗ ಅದರ ಬೆಲೆ ವರ್ಷಕ್ಕೆ ಸುಮಾರು 32,500 ಡಾಲರ್!

ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಹೂವಿನ ತುದಿಯನ್ನು ಗಾಂಜಾ ಎಂದು ಹಿಡಿದು, ಬರೀ ಎಲೆಯನ್ನೂ ಬೀಜವನ್ನೂ ಹೊರಗಿಟ್ಟಿತು. ಭಂಗಿ ಸೊಪ್ಪು ಉಳಿದುಕೊಂಡದ್ದು ಹೀಗೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವೆನಿಸಿರುವುದು ಪತ್ರಿಕೆಗಳಲ್ಲಿ ಬಂದಿದೆ. ಎಲೆಯ ಔಷಧ ಬರೆದುಕೊಡುವ ಕ್ಲಿನಿಕ್ಕೊಂದು 2020ರಲ್ಲಿ ಕೋರಮಂಗಲದಲ್ಲಿ ತೆರೆಯಿತು. ಭಕ್ತರಿಗೆ ಜಾತ್ರೆ, ಕಾಸಿದ್ದವರಿಗೆ ಕೋರಮಂಗಲ.

ಆದರೆ ಅದೇ ಕಾಯ್ದೆಯಡಿ ಬಂದ ಇನ್ನೊಂದು ಗಿಡದ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಅದು ಅಫೀಮು, ಅದರಿಂದ ತೆಗೆಯುವ ಮಾರ್ಫಿನ್. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಇದಕ್ಕಿಂತ ನಂಬಿಕಸ್ಥ ಮದ್ದು ಕಡಿಮೆ. ಮಾತ್ರೆಯೊಂದಕ್ಕೆ ಕೆಲವೇ ರೂಪಾಯಿ. ಔಷಧವಾಗಿ ಇದು ಎಂದೂ ನಿಷೇಧವಾಗಿರಲೇ ಇಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೆಳೆಸಿ, ಹೊರದೇಶಕ್ಕೂ ಮಾರುತ್ತಿತ್ತು. ಹಾಗಿದ್ದೂ 1985ರ ನಂತರ ಅದರ ವೈದ್ಯಕೀಯ ಬಳಕೆ ನೂರಕ್ಕೆ 97ರಷ್ಟು ಕುಸಿದು, 1997ರಲ್ಲಿ ಇಡೀ ದೇಶಕ್ಕೆ 18 ಕಿಲೋಗೆ ಬಂದು ನಿಂತಿತು. ಒಂದು ಸಲದ ಸರಕಿಗೆ ಅಬಕಾರಿ ಇಲಾಖೆಯದೂ ಸೇರಿ ನಾಲ್ಕೈದು ಪರವಾನಗಿ ಬೇಕು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ತಪ್ಪಿದರೆ ಕನಿಷ್ಠ ಹತ್ತು ವರ್ಷದ ಜೈಲಿನ ಭಯ. ಔಷಧದಂಗಡಿಗಳು ತರಿಸುವುದನ್ನೇ ಬಿಟ್ಟವು. ಒಂದು ತಲೆಮಾರಿನ ವೈದ್ಯರು ಮಾರ್ಫಿನ್ ಬರೆಯುವುದನ್ನೇ ಕಲಿಯದೆ ಓದು ಮುಗಿಸಿದರು. ನನ್ನ ಮಟ್ಟಿಗೆ ಹೆಚ್ಚು ದೊಡ್ಡ ನಷ್ಟ ಇದು, ಏಕೆಂದರೆ ತಿದ್ದುಪಡಿ ಮಾಡಿದ ಮಾತ್ರಕ್ಕೆ ಇದು ವಾಪಸು ಬರುವುದಿಲ್ಲ.

ಇಟ್ಟಮಡುವಿನಿಂದ ಹತ್ತು ಕಿಲೋಮೀಟರಿನೊಳಗೆ, ಹೊಸೂರು ರಸ್ತೆಯಲ್ಲಿ, 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಆಸ್ಪತ್ರೆ ಇದೆ. 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್‌ನ ‘ಕರುಣಾಶ್ರಯ’ ಕ್ಯಾನ್ಸರ್ ರೋಗಿಗಳ ಕೊನೆಯ ದಿನಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರ ವರ್ಷಗಟ್ಟಲೆಯ ಒತ್ತಾಯದಿಂದ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಅವರ ಮೇಲೂ ‘ಹಿಪೊಕ್ರ್ಯಾಟಿಕ್’ ಎಂಬ ಚಿತ್ರ ಬಂತು. ಈಗ ಔಷಧ ನಿಯಂತ್ರಕರ ಮಾನ್ಯತೆಯೊಂದೇ ಸಾಕು. ಆದರೆ ಆ ಮಾನ್ಯತೆಗೆ ಅರ್ಜಿ ಹಾಕುವ ಆಸ್ಪತ್ರೆ ಬೇಕು, ಬರೆದುಕೊಡಲು ತರಬೇತಾದ ವೈದ್ಯರು ಬೇಕು. ಬೀದಿಯ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಇದಲ್ಲ. ಊರ ಹತ್ತಿರ ಅಂಥ ಆಸ್ಪತ್ರೆ ಇಲ್ಲದ ರಾಯಚೂರಿನ ಕಡೆಯ ರೋಗಿಯ ಮಾತ್ರೆ ಮುಗಿದರೆ, ಮನೆಯವರಲ್ಲಿ ಒಬ್ಬರು ಕೂಲಿ ಬಿಟ್ಟು ಮತ್ತೆ ಬೆಂಗಳೂರಿನ ರಾತ್ರಿ ರೈಲು ಹತ್ತಬೇಕು.