ಯಂತ್ರಯುಗದಲ್ಲಿ ಕಾಯಕದ ಘನತೆ

ದುಡಿಯುವವನಿಗೆ ಮನ್ನಣೆ ಸಲ್ಲಬೇಕೆಂಬ ಮಾತು ನಮಗೆ ಹೊಸದಲ್ಲ. ಅಂಬಿಗನ, ಮಡಿವಾಳನ, ನೇಕಾರನ ಕಾಯಕಗಳಲ್ಲಿ ಮೇಲುಕೀಳೆಣಿಸದ ಶರಣರ ಪರಂಪರೆ ನಮ್ಮದು. ಆದರೆ ಮನುಷ್ಯನ ಕಾಯಕವನ್ನು ಯಂತ್ರವೇ ವಹಿಸಿಕೊಂಡಾಗ ಆ ಮನ್ನಣೆಯ ಗತಿಯೇನು? ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಎದ್ದಿರುವ ಈ ಪ್ರಶ್ನೆಯನ್ನು ಇಂಗ್ಲೆಂಡಿನ ಕೆಲಸಗಾರರು ಎರಡು ಶತಮಾನಗಳ ಹಿಂದೆಯೇ ಎದುರಿಸಿದ್ದರು.

1811ರಲ್ಲಿ ನಾಟಿಂಗ್‌ಹ್ಯಾಮ್ ಪ್ರಾಂತದ ಕಾಲುಚೀಲ ಹೆಣೆಯುವವರು ರಾತ್ರಿಯ ವೇಳೆ ಹೆಣಿಗೆ ಯಂತ್ರಗಳನ್ನು ಒಡೆಯತೊಡಗಿದರು. ನೆಡ್ ಲಡ್ ಎಂಬ ಕಲ್ಪಿತ ನಾಯಕನಿಂದಾಗಿ ಅವರಿಗೆ ‘ಲಡ್ಡೈಟರು’ ಎಂಬ ಹೆಸರಾಯಿತು. ಯಂತ್ರದ್ವೇಷಿಗಳೆಂದು ಅವರನ್ನು ಹಳಿಯುವುದು ಇಂದಿಗೂ ರೂಢಿಯಲ್ಲಿದೆ. ಇದು ಅರ್ಧಸತ್ಯ. ಆ ಯಂತ್ರವನ್ನು ವಿಲಿಯಂ ಲೀ 1589ರಲ್ಲಿಯೇ ರೂಪಿಸಿದ್ದನು. ಅದನ್ನು ನಡೆಸಿಯೇ ಇವರು ಅನ್ನ ಕಾಣುತ್ತಿದ್ದರು. ಅಗಲವಾದ ಬಟ್ಟೆಯನ್ನು ಕತ್ತರಿಸಿ ಹೊಲಿದು ಕಳಪೆ ಸರಕು ಮಾರುವ, ಕಸಬು ಕಲಿಯದವರನ್ನು ಅಗ್ಗದ ಕೂಲಿಗೆ ಹಚ್ಚುವ ಧಣಿಗಳ ನಡೆಯೇ ಅವರ ಆಕ್ರೋಶಕ್ಕೆ ಮೂಲ.

ಅಹವಾಲು ಹೇಳಿಕೊಳ್ಳಲು ಅವರಿಗೆ ದಾರಿಯಿರಲಿಲ್ಲ. 1799 ಮತ್ತು 1800ರ ಶಾಸನಗಳು ಕಾರ್ಮಿಕರ ಸಂಘಟನೆಯನ್ನು ನಿಷೇಧಿಸಿದ್ದವು. 1812ರಲ್ಲಿ ಸರ್ಕಾರವು ಯಂತ್ರಭಂಜನಕ್ಕೆ ಮರಣದಂಡನೆಯನ್ನು ವಿಧಿಸಿತು. ಕವಿ ಬೈರನ್ ಪ್ರಭುಗಳ ಸಭೆಯಲ್ಲಿ ವಿರೋಧಿಸಿ ಮಾತನಾಡಿದರೂ ಫಲವಾಗಲಿಲ್ಲ. ಅದೇ ವರ್ಷ ಹೆಣಿಗೆಗಾರರ ಮುಂದಾಳು ಗ್ರೇವ್‌ನರ್ ಹೆನ್ಸನ್ ಶ್ರಮಿಸಿ ತರಿಸಿದ ರಕ್ಷಣಾ ಮಸೂದೆಯನ್ನು ಕೆಳಮನೆ ಒಪ್ಪಿತು, ಪ್ರಭುಗಳ ಸಭೆ ತಳ್ಳಿಹಾಕಿತು. ಚಳವಳಿಯು ಯಾರ್ಕ್‌ಷೈರಿನ ಉಣ್ಣೆಬಟ್ಟೆಯ ಕೆಲಸಗಾರರಿಗೂ ಹಬ್ಬಿ, 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ 17 ಮಂದಿ ಗಲ್ಲಿಗೇರಿದರು.

ಇದಕ್ಕೆ ಹೋಲಿಸಿ ನೋಡಬೇಕಾದುದು 2023ರ ಅಮೆರಿಕದ ಘಟನೆ. ಚಲನಚಿತ್ರ ಮತ್ತು ದೂರದರ್ಶನದ ಬರಹಗಾರರ ಸಂಘವು 148 ದಿನಗಳ ಮುಷ್ಕರ ಹೂಡಿತು. ಸಂಭಾವನೆಯಂತೆಯೇ ಕೃತಕ ಬುದ್ಧಿಮತ್ತೆಯೂ ಅದರ ಮುಖ್ಯ ವಿಷಯವಾಗಿತ್ತು. ಕೊನೆಗೆ ಆದ ಒಪ್ಪಂದದಂತೆ, ಯಂತ್ರವನ್ನು ಬಳಸಲೇಬೇಕೆಂದು ಬರಹಗಾರನನ್ನು ಕಂಪನಿ ಬಲವಂತಪಡಿಸುವಂತಿಲ್ಲ. ಯಂತ್ರ ಬರೆದುದನ್ನು ಅವನ ಕೈಗೆ ಕೊಟ್ಟರೆ ಆ ಸಂಗತಿಯನ್ನು ಮರೆಮಾಚುವಂತಿಲ್ಲ. ಕಂಪನಿಯ ಒಪ್ಪಿಗೆಯಿದ್ದರೆ ಬರಹಗಾರನು ತಾನಾಗಿ ಅದನ್ನು ಬಳಸಬಹುದು.

ಇಲ್ಲಿ ಯಂತ್ರ ನಾಶವಾಗಲಿಲ್ಲ, ಮನುಷ್ಯನೂ ಗಲ್ಲಿಗೇರಲಿಲ್ಲ. ಅಂತರವು ಯಂತ್ರದಲ್ಲಿಲ್ಲ, ಒಂದೆಡೆ ದುಡಿಯುವವನ ಮಾತಿಗೆ ಸ್ಥಾನವಿರಲಿಲ್ಲ, ಇನ್ನೊಂದೆಡೆ ಇತ್ತು. ಸಂಘಟಿತರಾಗುವ ಅವಕಾಶವೇ ಇಲ್ಲದ ಅಸಂಖ್ಯ ದುಡಿಮೆಗಾರರಿಗೆ ಆ ಸ್ಥಾನ ಇನ್ನೂ ದೊರೆತಿಲ್ಲವೆಂಬುದನ್ನು ಮರೆಯಲಾಗದು. ಕೂಲಿಯಿಂದ ಹೊಟ್ಟೆ ತುಂಬೀತು. ತನ್ನ ಕಾಯಕದ ಬಗೆಗೆ ತಾನೇ ಮಾತನಾಡುವ ಅಧಿಕಾರವಿದ್ದಾಗ ಮಾತ್ರ ಘನತೆ ಉಳಿಯುತ್ತದೆ. ಯಂತ್ರವನ್ನು ಬರಮಾಡಿಕೊಳ್ಳುವವರು ಮೊದಲು ಕೇಳಬೇಕಾದುದು ಆ ಮಾತನ್ನು.