ಜೋಕಾಲಿ ಜೀಕುವ ಲೆಕ್ಕ

ನಾಗರಪಂಚಮಿ ಬಂತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಊರುಗಳಲ್ಲಿ ಬೇವು, ಹುಣಸೆಯ ಕೊಂಬೆಗಳಿಗೆ ಹಗ್ಗ ಬೀಳುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ಮಣೆಯ ಮೇಲೆ ಎದುರುಬದುರು ನಿಂತು ಜೀಕುತ್ತಾರೆ. ಯಾರೂ ತಳ್ಳದೆ ಜೋಕಾಲಿ ಏರುತ್ತಲೇ ಹೋಗುವುದು ಹೇಗೆ? ಭೌತವಿಜ್ಞಾನ ಇದಕ್ಕೆ ಕೊಟ್ಟ ಉತ್ತರ ಕಳೆದ ಅರ್ಧ ಶತಮಾನದಲ್ಲಿ ಮತ್ತೆ ಮತ್ತೆ ತಿದ್ದುಪಡಿಯಾಗಿದೆ.

ಹಂಪಿಯ ವಿಠ್ಠಲ ದೇವಾಲಯದ ಉಯ್ಯಾಲೆ ಮಂಟಪಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ಉತ್ಸವಮೂರ್ತಿ ತಾನಾಗಿ ಅಲುಗುತ್ತಿರಲಿಲ್ಲ, ಶಕ್ತಿಯೆಲ್ಲ ತೂಗುವವರ ಕೈಯದಾಗಿತ್ತು. ಕಗ್ಗಂಟಿರುವುದು ಜೋಕಾಲಿಯ ಮೇಲಿದ್ದವರೇ ಜೀಕಿಕೊಳ್ಳುವಲ್ಲಿ.

ಮೊದಲ ಉತ್ತರದ ಬೇರು 1831ರಲ್ಲಿದೆ. ಮೇಲೆ ಕೆಳಗೆ ಕಂಪಿಸುವ ತಟ್ಟೆಯ ದ್ರವದಲ್ಲಿ ಅಲೆಗಳು ಕಂಪನದ ಅರ್ಧ ಆವರ್ತನದಲ್ಲಿ ಏಳುವುದನ್ನು ವಿಜ್ಞಾನಿ ಫ್ಯಾರಡೆ ಗಮನಿಸಿದರು. ಪ್ಯಾರಾಮೆಟ್ರಿಕ್ ಅನುರಣನವೆಂದರೆ ಇದೇ. 1968ರಲ್ಲಿ ಟೀ ಮತ್ತು ಫಾಕ್ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಬರೆದ ಮೇಲೆ ಜೋಕಾಲಿಯ ಚರ್ಚೆ ಕಾವೇರಿತು. ವಿವರಣೆ ಸರಳ: ತುದಿಗಳಲ್ಲಿ ಕುಕ್ಕರಿಸಿ, ಕೆಳಬಿಂದುವಿನಲ್ಲಿ ಎದ್ದು ನಿಲ್ಲಬೇಕು. ವೇಗ ಹೆಚ್ಚಿರುವಲ್ಲಿ ಏಳುವುದು ಕಷ್ಟ. ಕಾಲು ಪಡುವ ಆ ಕಷ್ಟವೇ ಜೋಕಾಲಿಗೆ ಶಕ್ತಿಯಾಗಿ ಸೇರುತ್ತದೆ.

ಕೊಂಬೆಯಿಂದ ಕುಕ್ಕರಿಸಿದವರ ಗುರುತ್ವಕೇಂದ್ರಕ್ಕೆ 6 ಮೀಟರ್ ಇದೆ, ಎದ್ದಾಗ ಅದು 40 ಸೆಂಟಿಮೀಟರ್ ಏರುತ್ತದೆ ಎನ್ನೋಣ. ಗಾಳಿಯ ತಡೆ ಬಿಟ್ಟರೆ, ಸಣ್ಣ ತೂಗಾಟದಲ್ಲಿ ಒಂದು ಜೀಕಿಗೆ ಕೋನ ಸುಮಾರು ಶೇ. 11 ಹೆಚ್ಚುತ್ತದೆ. ಪಾರ್ಕಿನ 3 ಮೀಟರ್ ಉಯ್ಯಾಲೆಯಲ್ಲಾದರೆ ಶೇ. 24. ಹುಣಸೆಮರದ ಜೋಕಾಲಿ ತಡವಾಗಿ ಏರುವುದಕ್ಕೆ ಇದೇ ಕಾರಣ. ಸುಮಾರು 5 ಸೆಕೆಂಡಿನ ಒಂದು ಸುತ್ತಿನಲ್ಲಿ ಎರಡು ಸಲ ಏಳಬೇಕು, ಫ್ಯಾರಡೆ ಕಂಡ ಅರ್ಧದ ಲೆಕ್ಕವೇ ಇಲ್ಲೂ. ಜೋಡಿಯಾಗಿ ನಿಂತರೆ ಈ ದುಡಿಮೆ ಹಂಚಿಹೋಗುತ್ತದೆ: ಹೋಗುವಾಗ ಒಬ್ಬರ ಜೀಕು, ಬರುವಾಗ ಇನ್ನೊಬ್ಬರದು.

ಆದರೆ ಈ ಸೂತ್ರಕ್ಕೊಂದು ತೊಡಕಿತ್ತು. ಸೊನ್ನೆಯ ಶೇ. 24 ಸೊನ್ನೆಯೇ, ನಿಂತ ಜೋಕಾಲಿ ಕುಕ್ಕರಿಸಿ ಎದ್ದಷ್ಟಕ್ಕೇ ಹೊರಡದು. ಮೇಲಾಗಿ ಬಹಳ ಮಕ್ಕಳು ಕೂತೇ ಜೀಕುತ್ತಾರೆ. 1990ರಲ್ಲಿ ಕೇಸ್ ಮತ್ತು ಸ್ವಾನ್ಸನ್ ಕೂತವರ ಚಲನೆಯನ್ನು ಬಿಡಿಸಿ ನೋಡಿದರು. ಕಾಲು ಚಾಚಿ ಹಿಂದಕ್ಕೆ ವಾಲಿದಾಗ ದೇಹ ಒಂದು ಕಡೆ ತಿರುಗುತ್ತದೆ, ಜೋಕಾಲಿ ಅದಕ್ಕೆ ಎದುರಾಗಿ ಸರಿಯುತ್ತದೆ. ಇಲ್ಲಿ ಪ್ರತಿ ಸುತ್ತಿಗೂ ಏರಿಕೆ ಹೆಚ್ಚುಕಡಿಮೆ ಒಂದೇ ಅಳತೆಯದು. ಹಾಗಾಗಿ ಆರಂಭದಲ್ಲಿ ಇದರದೇ ಮೇಲುಗೈ. ಪ್ಯಾರಾಮೆಟ್ರಿಕ್ ಪಾಲು ಬೆಳೆಯುವುದು ತೂಗಾಟ ದೊಡ್ಡದಾದ ಮೇಲೆ. ನಿಂತು ಜೀಕುವಲ್ಲೂ ದೇಹ ತಿರುಗಿಸುವುದರ ಪಾತ್ರ ದೊಡ್ಡದೆಂದು 1996ರಲ್ಲಿ ಕೇಸ್ ವಾದಿಸಿದರು.

ಅಲ್ಲಿಗೂ ಮಾದರಿಗಳಲ್ಲಿ ದೇಹ ಹೆಚ್ಚಾಗಿ ಒಂದೇ ತಾಳಕ್ಕೆ ಕುಣಿಯುತ್ತಿತ್ತು. 2023ರಲ್ಲಿ ಜಪಾನಿನ ಹಿರಾತಾ ಮತ್ತು ಸಂಗಡಿಗರು ಹತ್ತು ಜನರನ್ನು ಮೂರು ಉದ್ದದ ಸರಪಳಿಗಳ ಉಯ್ಯಾಲೆಯಲ್ಲಿ ಕೂರಿಸಿ ಅಳೆದರು. ತೂಗಾಟ ಬೆಳೆದಂತೆ ವಾಲುವ ಗಳಿಗೆ ತಾನಾಗಿ ಹಿಂದಕ್ಕೆ ಸರಿಯುವುದು ಕಂಡಿತು.

‘ಎಷ್ಟು ಏಳಬೇಕು’ ಎಂದು ಹೊರಟ ಶಾಸ್ತ್ರ ಹೀಗೆ ‘ಯಾವಾಗ ವಾಲಬೇಕು’ ಎಂಬಲ್ಲಿಗೆ ಬಂದಿದೆ. ಮುಂದಿನ ಪಂಚಮಿಗೆ ಯಾರಾದರೂ ಪರೀಕ್ಷಿಸಬಹುದು: ಮೊದಮೊದಲು ಮಣೆ ಕೆಳಬಿಂದು ದಾಟಿ ಮುಂದೆ ಸಾಗುವಾಗ ವಾಲಿ, ಜೋಕಾಲಿ ಏರಿದ ಮೇಲೆ ಹಿಂದಿನ ತುದಿಯಿಂದಲೇ ಶುರುಮಾಡಿ.