ಸಿಬಿ ರೇಡಿಯೋ ಗದ್ದಲ: ಮೂಲ ಪತ್ತೆ ಹಚ್ಚುವುದು ಹೇಗೆ?

ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಾಗಲಿ, ವೈಟ್‌ಫೀಲ್ಡ್‌ನ ವಸತಿ ಸಮುಚ್ಚಯಗಳಲ್ಲಾಗಲಿ ಸಿಟಿಜನ್ ಬ್ಯಾಂಡ್ ಅಥವಾ ಸಿಬಿ ರೇಡಿಯೋ ಬಳಸುವವರಿಗೆ ಮಾತಿಗಿಂತ ಮೊದಲು ಕೇಳಿಸುವುದು ಗೊರಗೊರ ಸದ್ದು. 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಈ ತರಂಗಪಟ್ಟಿಯಲ್ಲಿ, 5 ವಾಟ್ ಮೀರದ ಮತ್ತು ಆಂಟೆನಾ ತನ್ನಲ್ಲೇ ಅಳವಟ್ಟಿರುವ ಸೆಟ್‌ಗಳಿಗೆ 2005ರ ನಿಯಮಗಳು ಪರವಾನಗಿಯಿಂದ ವಿನಾಯಿತಿ ನೀಡಿದವು. ಆದರೆ ವಿನಾಯಿತಿಗೆ ಇನ್ನೊಂದು ಮುಖವೂ ಇದೆ. ಇದು ಹಂಚಿಕೊಂಡು ಬಳಸುವ ಪಟ್ಟಿ. ಅಡಚಣೆಯಾದರೆ ರಕ್ಷಣೆ ಕೋರಲು ಅವಕಾಶವಿಲ್ಲ. ಮದ್ದನ್ನು ಬಳಕೆದಾರನೇ ಹುಡುಕಿಕೊಳ್ಳಬೇಕು.

ಮೊದಲು ಸೆಟ್ಟನ್ನು ಅದರ ಬ್ಯಾಟರಿಯಲ್ಲೇ ಚಾಲೂ ಮಾಡಿ, ಖಾಲಿ ಚಾನೆಲ್‌ಗೆ ಹೊಂದಿಸಿ, ಸ್ಕ್ವೆಲ್ಚ್ ಪೂರ್ತಿ ತೆರೆಯಬೇಕು. ಕಂಪ್ಯೂಟರ್‌ಗಳನ್ನು ಬಂದ್ ಮಾಡಿ, ನಂತರ ಮನೆಯ ಮೇನ್ ಸ್ವಿಚ್ ಆರಿಸಬೇಕು. ಬೆಂಗಳೂರಿನ ಮನೆಗಳಲ್ಲಿ ಪರೀಕ್ಷೆ ಹಾದಿ ತಪ್ಪುವುದು ಇಲ್ಲಿಯೇ: ಮೇನ್ ಆರಿದ ಕೂಡಲೇ ಯುಪಿಎಸ್ ಚಾಲನೆಗೊಳ್ಳುತ್ತದೆ, ಎಷ್ಟೋ ಸಲ ತಾನೇ ಗದ್ದಲ ಎಬ್ಬಿಸುತ್ತದೆ. ಅದನ್ನೂ ಆರಿಸಿದ ಮೇಲೆ ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋದರೆ ಸಿಕ್ಕಿಬೀಳುತ್ತಾನೆ.

ಸಾಮಾನ್ಯವಾಗಿ ಸಿಗುವವರು ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ರೂಟರ್‌ನ ಅಡಾಪ್ಟರ್, ಸೌರ ಫಲಕದ ಇನ್ವರ್ಟರ್. ಇವು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ ಬೇಕಾದ ವೋಲ್ಟೇಜಿಗೆ ತರುತ್ತವೆ. ಆ ಕತ್ತರಿಯ ಸದ್ದು 27 ಮೆಗಾಹರ್ಟ್ಸ್‌ವರೆಗೂ ಹಬ್ಬುತ್ತದೆ. ಇಲ್ಲಿ ತರಂಗಾಂತರ ಸುಮಾರು 11 ಮೀಟರ್. ಹೀಗಾಗಿ ಅದರ ಕಾಲು ಭಾಗದಷ್ಟು, ಅಂದರೆ ಮೂರು ಮೀಟರ್‌ಗೆ ತುಸು ಕಡಿಮೆ ಉದ್ದದ ತಂತಿಯೂ ಸೊಗಸಾದ ಆಂಟೆನಾ ಆಗಿಬಿಡುತ್ತದೆ! ಉಪಕರಣವನ್ನು ಬದಲಿಸುವುದೇ ಉತ್ತಮ. ಸಾಧ್ಯವಾಗದಿದ್ದರೆ ಅದರ ತಂತಿಯನ್ನು ಬುಡದಲ್ಲೇ ಫೆರೈಟ್ ಉಂಗುರಕ್ಕೆ ಐದಾರು ಸುತ್ತು ಸುತ್ತಬೇಕು. ಈ ಪಟ್ಟಿಗೆ 31 ಅಥವಾ 43ನೇ ಸಂಖ್ಯೆಯ ಮಿಶ್ರಣದ ಉಂಗುರ ಸೂಕ್ತ. ಒಮ್ಮೆ ತೂರಿಸಿ ಬಿಟ್ಟರೆ ಫಲ ಅಲ್ಪ; ಸುತ್ತುಗಳು ಇಮ್ಮಡಿಯಾದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ.

ಎಲ್ಲ ಆರಿಸಿದರೂ ಸದ್ದು ಉಳಿದರೆ ಮೂಲ ಹೊರಗಿದೆ. ಕಾರ್ಖಾನೆಯ ಪಾಳಿಗೆ ತಕ್ಕಂತೆ ಅದು ಏರಿಳಿದರೆ ವೆಲ್ಡಿಂಗ್ ಯಂತ್ರ ಅಥವಾ ಮೋಟಾರಿನ ವೇಗ ನಿಯಂತ್ರಕವನ್ನು ಶಂಕಿಸಬಹುದು. ಸೆಟ್ಟನ್ನು ಆ ದಿಕ್ಕಿನಿಂದ ದೂರದ ಬಾಲ್ಕನಿಗೋ ತಾರಸಿಗೋ ಒಯ್ಯುವುದಷ್ಟೇ ಉಳಿದ ದಾರಿ. ಒಣಹವೆಯಲ್ಲಿ ಜೋರಾಗಿದ್ದು ಮಳೆ ಬಂದೊಡನೆ ತಗ್ಗುವ ಗುಂಯ್‌ಗುಡುವಿಕೆ ವಿದ್ಯುತ್ ಕಂಬದ ಸಡಿಲ ಜೋಡಣೆಯ ಲಕ್ಷಣ. ಬೆಸ್ಕಾಂನ 1912ಕ್ಕೆ ಕಂಬದ ಸಂಖ್ಯೆ ಸಹಿತ ತಿಳಿಸಬೇಕು. ಕಂಬವನ್ನು ಮುಟ್ಟುವ ಸಾಹಸ ಸಲ್ಲದು.

ಸೆಟ್‌ನಲ್ಲಿ ನಾಯ್ಸ್ ಬ್ಲಾಂಕರ್ ಇದ್ದರೆ ಅದು ಇಂತಹ ಕಿಡಿಯ ಸದ್ದನ್ನು ತಗ್ಗಿಸುತ್ತದೆ, ಚಾರ್ಜರ್‌ನ ನಿರಂತರ ಭೋರ್ಗರೆತವನ್ನಲ್ಲ. ಸ್ಕ್ವೆಲ್ಚ್ ಬಿಗಿ ಮಾಡಿದರೆ ಗದ್ದಲ ಮರೆಯಾಗುತ್ತದೆ, ಆದರೆ ದೂರದ ಕ್ಷೀಣ ಕರೆಯೂ ಅದರೊಡನೆ ಮರೆಯಾಗುತ್ತದೆ.